ಹಳೇ ಮಾರುತಿ 800ಕ್ಕೆ ಪಾರ್ಟ್ ಹುಡುಕೋದು, ಸವೆದದ್ದನ್ನು ಸರಿ ಮಾಡಿಸೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿರುವುದು 1997ರ ಮಾರುತಿ 800. ನಾಲ್ಕು ಗೇರು, ಕಾರ್ಬೊರೇಟರ್, ಬಿಳಿ ಬಣ್ಣ. ಅಪ್ಪ ಓಡಿಸುತ್ತಿದ್ದದ್ದು, ಈಗ ನನ್ನ ಪಾಲಿಗೆ ಬಂದಿದೆ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಸಾಕು, ಯಾರಾದರೂ ಒಬ್ಬರು ಹತ್ತಿರ ಬಂದು "ಇದಕ್ಕೆ ಪಾರ್ಟ್ ಸಿಗುತ್ತಾ ಸರ್?" ಎಂದು ಕೇಳಿಯೇ ಕೇಳುತ್ತಾರೆ. ಅವರ ಮನೆಯ ಶೆಡ್ಡಿನಲ್ಲೂ ಒಂದು ನಿಂತಿರುತ್ತದೆ ಎಂದೇ ಅರ್ಥ. ಹಾಗೆ ಕೇಳಿದವರಿಗೆ ಹೇಳುತ್ತಾ ಬಂದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಗಾಡಿ ಬರೋದೇ ನಿಂತು ಹೋಯ್ತಲ್ಲ, ಪಾರ್ಟ್ ಇನ್ನೂ ಸಿಗುತ್ತಾ?

ಸಿಗುತ್ತದೆ. 1983ರ ಡಿಸೆಂಬರಿನಲ್ಲಿ ಶುರುವಾದ ಗಾಡಿ 2014ರ ಜನವರಿಯವರೆಗೂ ತಯಾರಾಗುತ್ತಿತ್ತು. ದೇಶದಲ್ಲೇ 25 ಲಕ್ಷಕ್ಕೂ ಜಾಸ್ತಿ ಮಾರಾಟವಾಗಿವೆ. ಅಷ್ಟು ಗಾಡಿಗಳಿದ್ದ ಮೇಲೆ ಪಾರ್ಟ್ ಮಾಡುವವರು ಸುಲಭಕ್ಕೆ ಕೈಬಿಡುವುದಿಲ್ಲ. ಓಡಿಸುತ್ತಾ ಸವೆಯುವಂಥವು, ಅಂದರೆ ಬ್ರೇಕ್ ಶೂ, ಕ್ಲಚ್ ಪ್ಲೇಟ್, ಬುಷ್, ಬೇರಿಂಗ್, ಬೆಲ್ಟ್, ಫಿಲ್ಟರ್, ಇವೆಲ್ಲ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತವೆ.

ಕಷ್ಟ ಇರುವುದು ಬೇರೆ ಕಡೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಬಾಗಿಲ ಒಳಗಿನ ಪ್ಯಾನೆಲ್, ಎಸಿ ಗುಬುಟು, ಗಾಜಿನ ಸುತ್ತಲಿನ ಬೀಡಿಂಗ್. ಗಾಡಿ ಓಡೋದಕ್ಕೆ ಇವು ಬೇಡ, ಆದರೆ ಕಣ್ಣಿಗೆ ಬೇಕು. ಇನ್ನು ನಿಮ್ಮದು 1986ಕ್ಕೆ ಮುಂಚಿನ ಮೊದಲ ಮಾದರಿಯಾದರೆ ಬಾಡಿಯ ಸಾಮಾನು ಹುಡುಕುವುದಕ್ಕೆ ನಿಜವಾಗಿ ತಾಳ್ಮೆ ಬೇಕು. ಅದರ ಹಿಂದುಗಡೆ ಲೀಫ್ ಸ್ಪ್ರಿಂಗ್ ಇರುತ್ತದೆ. ಆಮೇಲಿನದಕ್ಕೆ ಕಾಯಿಲ್ ಸ್ಪ್ರಿಂಗ್ ಬಂತು. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ಅಂಗಡಿಯವರು "ಯಾವ ಟೈಪು?" ಅಂತಾರೆ. ಏನು ಹೇಳಲಿ?

ಬರೀ ವರ್ಷ ಹೇಳಬೇಡಿ. ಇಂಜಿನ್ ನಂಬರ್ ನೋಡಿಕೊಂಡು ಹೋಗಿ, ಆರ್‌ಸಿಯಲ್ಲೇ ಇರುತ್ತದೆ. ಎಫ್8ಬಿ ಎಂದು ಶುರುವಾದರೆ ಆರು ವಾಲ್ವಿನ ಇಂಜಿನ್. ಎಫ್8ಡಿ ಆದರೆ ಹನ್ನೆರಡು ವಾಲ್ವಿನದು, ಅದಕ್ಕೆ ಐದು ಗೇರು. ಎರಡೂ 796 ಸಿಸಿಯವೇ, ಮೂರೇ ಸಿಲಿಂಡರು. ಆದರೆ ಹೆಡ್ (ಇಂಜಿನ್ನಿನ ಮೇಲ್ಭಾಗ) ಬೇರೆ, ಅದರ ಕೆಳಗೆ ಕೂರುವ ಗ್ಯಾಸ್ಕೆಟ್ ಬೇರೆ.

2000ದ ಆಸುಪಾಸಿನಲ್ಲಿ ಕಾರ್ಬೊರೇಟರ್ ಹೋಗಿ ಎಂಪಿಎಫ್ಐ, ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, ಬಂತು. ಆ ಕಾಲದ ಗಾಡಿಗಳಲ್ಲಿ ಗೊಂದಲ ಜಾಸ್ತಿ. ನೋಂದಣಿ ಒಂದು ವರ್ಷದ್ದು, ತಯಾರಾದದ್ದು ಅದರ ಹಿಂದಿನ ವರ್ಷ, ಹೀಗೂ ಇರುತ್ತದೆ. ಬಾನೆಟ್ ತೆಗೆದು ಮೊಬೈಲಿನಲ್ಲಿ ನಾಲ್ಕು ಫೋಟೊ ಹೊಡೆದುಕೊಂಡರೆ ಈ ಮಾತೆಲ್ಲ ಉಳಿಯುತ್ತದೆ.

ಪಾರ್ಟ್ ನಂಬರ್ ಅಂತಾರಲ್ಲ, ಅದೇನು?

ಪ್ರತಿ ಸಾಮಾನಿಗೂ ಕಂಪನಿ ಒಂದು ಉದ್ದನೆಯ ನಂಬರ್ ಕೊಟ್ಟಿರುತ್ತದೆ. ಸುಜುಕಿಯವರ ನಂಬರಿನಲ್ಲಿ ಮೊದಲ ಐದು ಅಂಕಿ ಆ ಸಾಮಾನು ಏನು ಎಂಬುದನ್ನು ಹೇಳುತ್ತವೆ. 16510 ಎಂದರೆ ಆಯಿಲ್ ಫಿಲ್ಟರ್. 13780 ಎಂದರೆ ಏರ್ ಫಿಲ್ಟರ್. ಉಳಿದದ್ದು ಯಾವ ಮಾದರಿಗೆ ಎಂಬ ಲೆಕ್ಕ. ನಂಬರ್ ಗೊತ್ತಿದ್ದರೆ ಫೋನಿನಲ್ಲೇ ನಾಲ್ಕು ಅಂಗಡಿ ವಿಚಾರಿಸಬಹುದು, ಬೇರೆ ಊರಿಂದಲೂ ತರಿಸಬಹುದು. ಹಳೇ ಪಾರ್ಟಿನ ಮೇಲೆ, ಇಲ್ಲ ಅದರ ಡಬ್ಬದ ಮೇಲಿನ ಚೀಟಿಯಲ್ಲಿ ಹುಡುಕಿ. ನಾನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ: ತಾರೀಕು, ಕಿಲೋಮೀಟರು, ಪಾರ್ಟ್ ನಂಬರು, ಕೊಟ್ಟ ದುಡ್ಡು. ಹೆಂಡತಿ ಅದನ್ನು ಜಾತಕ ಅಂತಾಳೆ.

ಆಲ್ಟೊದು, ಓಮ್ನಿದು ಹೊಂದುತ್ತಾ?

ಕೆಲವು ಹೊಂದುತ್ತವೆ. ಓಮ್ನಿಯಲ್ಲೂ ಇದೇ ಇಂಜಿನ್ ಕುಟುಂಬ. ಪಿಸ್ಟನ್, ರಿಂಗ್, ವಾಲ್ವು ಹೀಗೆ ಇಂಜಿನ್ ಒಳಗಿನ ಎಷ್ಟೋ ಸಾಮಾನು ಒಂದೇ. ಆದರೆ ಓಮ್ನಿಯ ಇಂಜಿನ್ ಸೀಟಿನ ಕೆಳಗೆ ಉದ್ದಕ್ಕೆ ಕೂತಿದೆ, ಓಡುವುದು ಹಿಂದಿನ ಚಕ್ರ. ನಮ್ಮದರಲ್ಲಿ ಇಂಜಿನ್ ಅಡ್ಡಕ್ಕಿದೆ, ಮುಂದಿನ ಚಕ್ರ ಎಳೆಯುತ್ತದೆ. ಹಾಗಾಗಿ ಮೌಂಟಿಂಗ್, ಗೇರ್‌ಬಾಕ್ಸ್ ಇವೆಲ್ಲ ಬೇರೆಯೇ. ಐದು ಗೇರಿನ 800 ಇದ್ದವರಿಗೆ ಹಳೇ ಆಲ್ಟೊ ಒಳ್ಳೇ ನೆಂಟ, ಅದರಲ್ಲೂ ಎಫ್8ಡಿ ಇಂಜಿನ್ನೇ ಇತ್ತು. ಜೆನ್ ಇಂಜಿನ್ ಮಾತ್ರ ಬೇರೆ ಜಾತಿ. "ಅದೇ ಸರ್, ಹಾಕಿಬಿಡೋಣ" ಎಂದು ಮೆಕ್ಯಾನಿಕ್ ಹೇಳಿದರೂ ಪಕ್ಕ ಪಕ್ಕ ಇಟ್ಟು ನೋಡದೆ ಒಪ್ಪಬೇಡಿ.

ಬೆಂಗಳೂರಿನಲ್ಲಿ ಎಲ್ಲಿ ಹುಡುಕಲಿ?

ಹೊಸ ಸಾಮಾನಿಗೆ ಜೆ.ಸಿ. ರಸ್ತೆ. ಟೌನ್‌ಹಾಲ್ ಕಡೆಯಿಂದ ನಡೆಯುತ್ತಾ ಹೋದರೆ ಮುಖ್ಯರಸ್ತೆಯಲ್ಲಿ ಸೀಟ್ ಕವರು, ಸ್ಟೀರಿಯೊ ಅಂಗಡಿಗಳೇ ಕಣ್ಣಿಗೆ ಬೀಳುತ್ತವೆ. ನಮಗೆ ಬೇಕಾದ್ದು ಅಡ್ಡರಸ್ತೆಗಳಲ್ಲಿ ಮತ್ತು ಕಲಾಸಿಪಾಳ್ಯದ ಕಡೆ. ಒಬ್ಬ ಬರೀ ಬೇರಿಂಗ್ ಮಾರುತ್ತಾನೆ, ಇನ್ನೊಬ್ಬ ಬರೀ ರಬ್ಬರ್, ಮತ್ತೊಬ್ಬ ಬರೀ ಗ್ಯಾಸ್ಕೆಟ್. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಭಾನುವಾರ ಬಹುತೇಕ ಬಾಗಿಲು ಹಾಕಿರುತ್ತಾರೆ. ಕಾರಿನಲ್ಲಿ ಹೋಗಲೇಬೇಡಿ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಿಚ್ಚಿದ ಹಳೇ ಪಾರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದು ಪ್ಲಾಸ್ಟಿಕ್ ಚೀಲ, ಒಂದು ಹಳೇ ಬಟ್ಟೆ ಸಾಕು. ಕೌಂಟರಿನ ಮೇಲೆ ಅದನ್ನಿಟ್ಟರೆ ಮಾತೇ ಬೇಡ. ಅನುಭವ ಇರುವ ಅಂಗಡಿಯವರು ತಿರುಗಿಸಿ ನೋಡಿ ಒಳಗೆ ಹೋಗಿ ಸರಿಯಾದದ್ದನ್ನೇ ತರುತ್ತಾರೆ. ಜೊತೆಗೆ ಅದು ಹೇಗೆ ಸವೆದಿದೆ ಎಂದು ನೋಡಿ "ಇದಲ್ಲ ಸರ್ ಸಮಸ್ಯೆ, ಇದರ ಪಕ್ಕದ್ದು" ಎಂದು ಹೇಳುವವರೂ ಇದ್ದಾರೆ. ಆ ಸಲಹೆಗೆ ಬಿಲ್ ಹಾಕುವುದಿಲ್ಲ.

ಊರಲ್ಲಿರುವವರು ಮೊದಲು ಜಿಲ್ಲಾ ಕೇಂದ್ರದ ಹಳೇ ಅಂಗಡಿಗಳಲ್ಲಿ ಕೇಳಿ. ಎಷ್ಟೋ ಅಂಗಡಿಗಳ ಅಟ್ಟದ ಮೇಲೆ ಇಪ್ಪತ್ತು ವರ್ಷದ ಹಳೇ ಸ್ಟಾಕು ಧೂಳು ಹಿಡಿದು ಕೂತಿರುತ್ತದೆ. ಕಬ್ಬಿಣದ್ದಾದರೆ ಖುಷಿಯಿಂದ ತಗೊಳ್ಳಿ. ರಬ್ಬರ್ ಆದರೆ ಬೇಡ. ಡಬ್ಬದಲ್ಲೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಒರಿಜಿನಲ್, ಓಇ, ಲೋಕಲ್, ಡೂಪ್ಲಿಕೇಟ್: ತಲೆ ತಿರುಗುತ್ತೆ. ಯಾವುದು ತಗೊಳ್ಳಲಿ?

ಮಾರುತಿಯವರದೇ ಡಬ್ಬದಲ್ಲಿ ಬರುವುದು ಒಂದು. ಅದು ಒರಿಜಿನಲ್. ಕಾರು ಕಂಪನಿಗಳಿಗೆ ಸಾಮಾನು ಮಾಡಿಕೊಡುವವರು ತಮ್ಮದೇ ಹೆಸರಿನಲ್ಲಿ ಮಾರುವುದು ಇನ್ನೊಂದು, ಓಇ ಅನ್ನುವುದು ಇದಕ್ಕೇ. ಬಾಷ್, ಲ್ಯೂಕಾಸ್ ಟಿವಿಎಸ್, ರಾಣೆ, ಗೇಬ್ರಿಯಲ್ ಇಂಥವರೆಲ್ಲ ಈ ಸಾಲಿಗೆ ಬರುತ್ತಾರೆ. ನನ್ನ ಕೇಳಿದರೆ ಎರಡನೆಯದೇ ಸಾಕು, ದುಡ್ಡೂ ಉಳಿಯುತ್ತದೆ. ಮೂರನೆಯದು ಲೋಕಲ್, ಅಂದರೆ ಹೆಸರಿಲ್ಲದ ಸಣ್ಣ ತಯಾರಕರದ್ದು. ಲೋಕಲ್ ಎಲ್ಲವೂ ಕೆಟ್ಟದ್ದಲ್ಲ. ವೈಪರ್, ಮಡ್‌ಫ್ಲ್ಯಾಪ್, ಬಾಗಿಲ ಹಿಡಿ, ಇವನ್ನು ಧಾರಾಳವಾಗಿ ಹಾಕಿಸಿ. ಹೋದರೆ ಇನ್ನೊಂದು.

ಡೂಪ್ಲಿಕೇಟ್ ಅಂದರೆ ಮೋಸ. ದೊಡ್ಡವರ ಹೆಸರು, ಒಳಗೆ ಕಳಪೆ ಮಾಲು. ಡಬ್ಬದ ಮುದ್ರಣ ಮಸುಕಾಗಿರುತ್ತದೆ, ಸ್ಪೆಲಿಂಗ್ ತಪ್ಪಿರುತ್ತದೆ, ಬೆಲೆ ಅನುಮಾನ ಬರುವಷ್ಟು ಕಮ್ಮಿ ಇರುತ್ತದೆ. ಎಂಆರ್‌ಪಿ ಚೀಟಿ ನೋಡಿ, ಜಿಎಸ್‌ಟಿ ಬಿಲ್ ಕೇಳಿ. 2025ರ ಸೆಪ್ಟೆಂಬರಿನಿಂದ ಕಾರಿನ ಬಿಡಿಭಾಗಗಳಿಗೆಲ್ಲ ಶೇಕಡ 18ರ ತೆರಿಗೆ. ಅದಕ್ಕೂ ಮೊದಲು ಎಷ್ಟೋ ಸಾಮಾನಿಗೆ 28 ಇತ್ತು. ಬಿಲ್ ಬೇಡ ಅಂದರೆ ಉಳಿಯುವ ದುಡ್ಡಿಗಿಂತ, ವಾಪಸ್ ಕೊಡಲು ಹೋದಾಗ ಆಗುವ ಜಗಳ ದೊಡ್ಡದು.

ಗುಜರಿಯಿಂದ ತರಬಹುದಾ?

ನೋಡಿ ತರಬಹುದು. ಬೆಂಗಳೂರಿನವರಿಗೆ ಶಿವಾಜಿನಗರ. ಚೆನ್ನೈಗೆ ಹೋಗುವವರಿದ್ದರೆ ಪುದುಪೇಟೆ, ದೆಹಲಿಯಲ್ಲಾದರೆ ಮಾಯಾಪುರಿ. ಬಾಗಿಲು, ಬಾನೆಟ್, ಗಾಜು, ಹಿಂದಿನ ಲೈಟು, ಸೀಟು, ಮೀಟರ್, ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಇವಕ್ಕೆ ಗುಜರಿಯೇ ಗತಿ. ಹೊಸ ಲೋಕಲ್ ಬಾಗಿಲಿಗಿಂತ ಹಳೇ ಕಂಪನಿ ಬಾಗಿಲು ಎಷ್ಟೋ ಚೆನ್ನಾಗಿ ಕೂರುತ್ತದೆ.

ಬ್ರೇಕಿನ ಯಾವ ಸಾಮಾನೂ ಬೇಡ. ಸ್ಟೀರಿಂಗಿನದ್ದೂ ಬೇಡ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಬೆಲ್ಟು, ಹೋಸು ಇವನ್ನು ಯಾರಾದರೂ ಸುಮ್ನೆ ಕೊಟ್ಟರೂ ಮುಟ್ಟಬೇಡಿ. ಅವು ಗುಜರಿಗೆ ಬಂದಿರುವುದೇ ಸವೆದು.

ಗುಂಡಿಗೆ ಇಳಿದರೆ ಮುಂದುಗಡೆ ಕಟಕಟ ಅನ್ನುತ್ತೆ. ಶಾಕಬ್ಸರ್ ಹೋಗಿದೆ ಅಂತಾರೆ. ಹಾಕಿಸಲಾ?

ತಡೀರಿ. ಇದೇ ಮಾತು ನಂಬಿ ನಾನು ಒಂದು ಗ್ಯಾರೇಜಿನಲ್ಲಿ ಎರಡೂ ಕಡೆ ಹೊಸದು ಹಾಕಿಸಿದೆ. ದುಡ್ಡು ಕೊಟ್ಟು ಗೇಟು ದಾಟುವಾಗಲೇ ಮತ್ತೆ "ಕಟ್". ಆಮೇಲೆ ನಮ್ಮ ಬೀದಿಯ ಮೆಕ್ಯಾನಿಕ್ ಕೆಳಗೆ ಮಲಗಿ ಒಂದು ರಾಡಿನಿಂದ ಮೀಟಿ ತೋರಿಸಿದರು. ಸ್ಟೇಬಿಲೈಸರ್ ಬಾರಿನ (ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಕ್ಕಿರುವ ಕಂಬಿ) ರಬ್ಬರ್ ಬುಷ್ ತಿಂದು ಹೋಗಿತ್ತು. ಶಾಕಬ್ಸರಿಗೆ ಹೋಲಿಸಿದರೆ ಅದರ ಬೆಲೆ ಟೀ ಖರ್ಚು.

800ರಲ್ಲಿ ಈ ಬುಷ್ ಪಾತ್ರ ದೊಡ್ಡದು. ಎಷ್ಟೋ ಕಾರುಗಳಲ್ಲಿ ಸ್ಟೇಬಿಲೈಸರ್ ಬಾರ್ ಕೆಲಸ ಗಾಡಿ ವಾಲದಂತೆ ತಡೆಯುವುದಷ್ಟೇ. ನಮ್ಮದರಲ್ಲಿ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮನ್ನು ಹಿಂದೆ ಮುಂದೆ ಹೋಗದಂತೆ ಹಿಡಿದಿಡುವುದೂ ಅದೇ. ಬುಷ್ ಸವೆದರೆ ಬ್ರೇಕ್ ಹಾಕಿದಾಗ ಚಕ್ರವೇ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಆಗ ಬರುವ ಸದ್ದು ಅದು. ಟೈರ್ ಒಂದೇ ಕಡೆ ಸವೆಯುವುದಕ್ಕೂ ಇದು ಕಾರಣವಾಗಬಹುದು.

ನೀವೇ ಪತ್ತೆ ಮಾಡಬಹುದು. ಜಾಕ್ ಹಾಕಿ ಚಕ್ರ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡುವುದನ್ನು ಮರೆಯಬೇಡಿ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಇದ್ದರೆ ಬೇರಿಂಗ್ ಇಲ್ಲವೇ ಬಾಲ್ ಜಾಯಿಂಟ್. ಎಡಕ್ಕೊಂದು ಬಲಕ್ಕೊಂದು ಕೈ ಇಟ್ಟು ಅಲ್ಲಾಡಿಸಿದಾಗ ಆಟ ಇದ್ದರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ‍್ಯಾಕ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೊರಟಾಗ ಟಕಟಕ ಎಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟು. ಶಾಕಬ್ಸರ್ ಹೋಗಿದ್ದರೆ ಸಾಮಾನ್ಯವಾಗಿ ಅದರ ಮೈಮೇಲೆ ಎಣ್ಣೆ ಸೋರಿರುತ್ತದೆ, ಬಾನೆಟ್ ಒತ್ತಿ ಬಿಟ್ಟರೆ ಗಾಡಿ ಎರಡು ಮೂರು ಸಲ ತೂಗುತ್ತದೆ. ಇದ್ಯಾವುದೂ ಇಲ್ಲದೆ ಶಾಕಬ್ಸರ್ ಬದಲಾಯಿಸಬೇಡಿ. ಬದಲಾಯಿಸಿದರೆ ಎರಡೂ ಕಡೆ ಬದಲಾಯಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ.

ಡ್ರೈವ್ ಶಾಫ್ಟ್ ರಬ್ಬರ್ ಬೂಟ್ ಹರಿದದ್ದು ಕಂಡರೆ ಅದೇ ವಾರ ಹಾಕಿಸಿ. ಗ್ರೀಸ್ ಹೊರಗೆ, ಮಣ್ಣು ಒಳಗೆ. ಒಂದು ಮಳೆಗಾಲ ಸಾಕು, ಜಾಯಿಂಟೇ ಹೋಗುತ್ತದೆ.

ಬ್ರೇಕ್ ಪೆಡಲ್ ಕೆಳಗೆ ಹೋಗ್ತಿದೆ. ವಾಷರ್ ಕಿಟ್ ಹಾಕಿದರೆ ಸಾಕಾ?

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೋಡೆ ಕನ್ನಡಿಯಂತೆ ನುಣ್ಣಗಿದ್ದರೆ ಕಿಟ್, ಅಂದರೆ ಒಳಗಿನ ರಬ್ಬರ್ ವಾಷರುಗಳು, ಸಾಕು. ಬೆರಳಾಡಿಸಿದಾಗ ಗೀರು, ತುಕ್ಕಿನ ಕುಳಿ ಸಿಕ್ಕಿದರೆ ಸಾಲದು. ಹೊಸ ರಬ್ಬರನ್ನೂ ಅದು ತಿಂದುಹಾಕುತ್ತದೆ. ಇಡೀ ಸಿಲಿಂಡರೇ ಹಾಕಿಸಿ. ಹಿಂದಿನ ಡ್ರಮ್ಮಿನಲ್ಲಿರುವ ವೀಲ್ ಸಿಲಿಂಡರಿಗೂ ಇದೇ ಲೆಕ್ಕ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಡ್ರಮ್ಮಿನ ಧೂಳನ್ನು ಊದಬೇಡಿ. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ.

ಕ್ಲಚ್ ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಸಬಹುದಾ?

ಹೊಡೆಸಿಕೊಡುವವರಿದ್ದಾರೆ. ನಾನು ಹೊಡೆಸುವುದಿಲ್ಲ. ಗೇರ್‌ಬಾಕ್ಸ್ ಇಳಿಸುವ ಕೂಲಿ ದೊಡ್ಡದು, ಎರಡು ಸಲ ಯಾಕೆ ಕೊಡಬೇಕು? ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೇ ಹೊಸದು ಹಾಕಿ ಮುಗಿಸಿ. ಕ್ಲಚ್ ಕೇಬಲ್ ಒಂದು ಸ್ಪೇರ್ ಡಿಕ್ಕಿಯಲ್ಲಿರಲಿ.

ಕಾರ್ಬೊರೇಟರ್ ಗಾಡಿ. ಈಗಿನ ಎಥೆನಾಲ್ ಪೆಟ್ರೋಲಿಗೆ ಏನಾಗುತ್ತೆ?

ಈಗ ಬಂಕಿನಲ್ಲಿ ಸಿಗುವುದು ಶೇಕಡ 20ರಷ್ಟು ಎಥೆನಾಲ್ ಬೆರೆಸಿದ್ದು. ನಮ್ಮ ಗಾಡಿ ಹುಟ್ಟಿದಾಗ ಇದನ್ನು ಯಾರೂ ಎಣಿಸಿರಲಿಲ್ಲ. ಎಥೆನಾಲಿಗೆ ಹಳೇ ರಬ್ಬರ್ ಆಗಿಬರುವುದಿಲ್ಲ. ಪೆಟ್ರೋಲ್ ಹೋಸು ಗಟ್ಟಿಯಾಗಿ ಬಿರಿಯುತ್ತದೆ ಅಥವಾ ಮೆತ್ತಗಾಗಿ ಉಬ್ಬುತ್ತದೆ. ಪೆಟ್ರೋಲ್ ಪಂಪಿನೊಳಗಿನ ಡಯಾಫ್ರಂ, ಕಾರ್ಬೊರೇಟರಿನ ಓ ರಿಂಗ್ ಇವಕ್ಕೂ ಅದೇ ಗತಿ.

ಮೊದಲು ಮಾಡಬೇಕಾದ್ದು ಟ್ಯಾಂಕಿನಿಂದ ಕಾರ್ಬೊರೇಟರಿನವರೆಗಿನ ಎಲ್ಲ ಹೋಸನ್ನೂ ಎಥೆನಾಲ್ ತಡೆಯುವ ಹೊಸ ಹೋಸಿಗೆ ಬದಲಾಯಿಸುವುದು. ಖರ್ಚು ಜಾಸ್ತಿ ಇಲ್ಲ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದೆಂದರೆ ತಮಾಷೆ ಅಲ್ಲ. ಟ್ಯಾಂಕಿನ ತಳದಲ್ಲಿದ್ದ ಹಳೇ ಕೊಳೆಯನ್ನೂ ಎಥೆನಾಲ್ ಎಬ್ಬಿಸುತ್ತದೆ, ಅದಕ್ಕೆ ಫಿಲ್ಟರನ್ನು ಬೇಗ ಬೇಗ ನೋಡುತ್ತಿರಿ. ಕಾರ್ಬೊರೇಟರ್ ಪೂರ್ತಿ ಬದಲಾಯಿಸಿ ಎಂದು ಯಾರಾದರೂ ಹೇಳಿದರೆ ಮೊದಲು ಬಿಚ್ಚಿ ತೊಳೆದು ರಿಪೇರಿ ಕಿಟ್ ಹಾಕಿಸಿ ನೋಡಿ. ಕೈ ಪಳಗಿದ ಹಳೇ ಮೆಕ್ಯಾನಿಕ್ ಬೇಕು ಇದಕ್ಕೆ. ಈಗಿನ ಹುಡುಗರು ಲ್ಯಾಪ್‌ಟಾಪ್ ಚುಚ್ಚಲು ಜಾಗ ಹುಡುಕುತ್ತಾರೆ, ಪಾಪ.

ಘಾಟಿ ಹತ್ತುವಾಗ ಬಿಸಿಯಾಗುತ್ತೆ. ಥರ್ಮೋಸ್ಟಾಟ್ ತೆಗೆದುಬಿಡಿ ಅಂದರು. ಸರಿಯಾ?

ತಪ್ಪು. ಅದಿಲ್ಲದಿದ್ದರೆ ಇಂಜಿನ್ ಸರಿಯಾದ ಬಿಸಿಗೆ ಬರುವುದೇ ನಿಧಾನ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಇಂಜಿನ್ ಒಳಗೂ ಬೇಗ ಸವೆಯುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್, ಫ್ಯಾನ್ ತಿರುಗಿಸುವ ಸ್ವಿಚ್ಚು, ಒಳಗೆ ಕಟ್ಟಿದ ಕೆಸರು, ಇಷ್ಟು ಮೊದಲು ನೋಡಿಸಿ. ಬರೀ ನಲ್ಲಿ ನೀರು ಹಾಕುತ್ತಾ ಬಂದ ಗಾಡಿಗಳಲ್ಲಿ ಕೆಂಪು ಕೆಸರೇ ಬರುತ್ತದೆ. ಹಳೇ ತಾಮ್ರ ಹಿತ್ತಾಳೆಯ ರೇಡಿಯೇಟರ್ ಆದರೆ ಬೆಸುಗೆ ಹಾಕಿ ಉಳಿಸಬಹುದು. ನೀರು ಖಾಲಿಯಾಗುತ್ತಿದೆ, ಹಿಂದೆ ಬಿಳಿ ಹೊಗೆ ನಿಲ್ಲುತ್ತಿಲ್ಲ ಎಂದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಅದನ್ನು ಬಿಚ್ಚಿದಾಗ ಹೆಡ್ ಸೊಟ್ಟಗಾಗಿದೆಯಾ ಎಂದು ಲೇತಿನವರ ಹತ್ತಿರ ನೋಡಿಸದೆ ವಾಪಸ್ ಕೂರಿಸಬೇಡಿ.

ನೀಲಿ ಹೊಗೆ ಬರ್ತಿದೆ. ಇಂಜಿನ್ ಕೆಲಸವೇ?

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ನಿಂತರೆ ವಾಲ್ವ್ ಸೀಲ್ ಇರಬಹುದು, ಅದು ಸಣ್ಣ ಕೆಲಸ. ಎಕ್ಸಲೇಟರ್ ಒತ್ತಿದಾಗಲೆಲ್ಲ ಬಂದರೆ ರಿಂಗು. ಬಿಚ್ಚುವ ಮೊದಲು ಮೂರೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆದಿದ್ದರೆ ಲೇತಿನಲ್ಲಿ ಬೋರಿಂಗ್ ಮಾಡಿ 0.25 ಅಥವಾ 0.50 ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕುತ್ತಾರೆ. ಬಿಚ್ಚಿದಾಗ ಟೈಮಿಂಗ್ ಬೆಲ್ಟು, ವಾಟರ್ ಪಂಪು, ಆಯಿಲ್ ಸೀಲು ಎಲ್ಲ ಹೊಸದು ಹಾಕಿಸಿ.

ಡೈನಮೋ ಚಾರ್ಜ್ ಮಾಡ್ತಿಲ್ಲ, ಸೆಲ್ಫ್ ತಿರುಗ್ತಿಲ್ಲ?

ಹೊಸದು ಬೇಡ. ಕಾರ್ಬನ್ ಬ್ರಷ್, ಬೇರಿಂಗ್, ಬುಷ್ ಹಾಕಿದರೆ ಮುಕ್ಕಾಲು ಪಾಲು ಸರಿಹೋಗುತ್ತವೆ. ಅದಕ್ಕೂ ಮೊದಲು ಬ್ಯಾಟರಿ ಟರ್ಮಿನಲ್ ಮತ್ತು ಅರ್ಥಿಂಗ್ ವೈರ್ ಉಜ್ಜಿ ನೋಡಿ.

ಕಾಲಿಡುವ ಜಾಗದಲ್ಲಿ ರಸ್ತೆ ಕಾಣ್ತಿದೆ!

ನಗಬೇಡಿ, ನಮ್ಮದರಲ್ಲೂ ಕಂಡಿತ್ತು. ಕರಾವಳಿ, ಮಲೆನಾಡಿನ ಗಾಡಿಗಳಲ್ಲಿ ಇದು ಮಾಮೂಲು. ಫೈಬರ್, ಪುಟ್ಟಿ ಹಾಕಿ ಮುಚ್ಚಿ ಪೇಂಟ್ ಹೊಡೆಯುವವರನ್ನು ದೂರ ಇಡಿ. ಒಳಗೆ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ಶೀಟ್ ವೆಲ್ಡ್ ಮಾಡಿ, ಪ್ರೈಮರ್ ಹೊಡೆದು, ಕೆಳಗಿನಿಂದ ಅಂಡರ್‌ಕೋಟಿಂಗ್ ಮಾಡಬೇಕು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿಸಿ, ಪೆಟ್ರೋಲ್ ಲೈನ್ ಎಲ್ಲಿದೆ ನೋಡಿಕೊಳ್ಳಲು ಹೇಳಿ. ಆಮೇಲೆ ನೀರು ಎಲ್ಲಿಂದ ಬಂತು ಎಂದು ಹುಡುಕಿ. ನಮ್ಮದರಲ್ಲಿ ಮುಂದಿನ ಗಾಜಿನ ರಬ್ಬರ್ ಬಿರಿದು ಮ್ಯಾಟಿನ ಕೆಳಗೆ ಒಂದಿಡೀ ಮಳೆಗಾಲ ನೀರು ನಿಂತಿತ್ತು.

ಬೇರೆ ಇಂಜಿನ್ ಕೂರಿಸಿದರೆ ಆರ್‌ಟಿಒ ತಕರಾರು ಇದೆಯಾ?

ಇದೆ. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತದೆ, ಅದು ಹೊಂದಬೇಕು. ಮೊದಲೇ ಆರ್‌ಟಿಒದಲ್ಲಿ ಕೇಳಿ ಅನುಮತಿ ಪಡೆದು, ಇಂಜಿನ್ ಕೊಂಡ ಬಿಲ್ ಇಟ್ಟುಕೊಂಡು ಮುಂದುವರಿಯಿರಿ. ಕಾಗದ ಇಲ್ಲದ ಗುಜರಿ ಇಂಜಿನ್ ಕದ್ದ ಗಾಡಿಯದ್ದಾಗಿರಲೂಬಹುದು.

15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಫಾರಂ 25. ಕಾರಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಲ್ಲಿ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ನವೀಕರಣಕ್ಕೆ ಮೊದಲು ಬ್ರೇಕು, ಲೈಟು, ಹಾರನ್ನು, ಹೊಗೆ ಎಲ್ಲ ಸರಿ ಮಾಡಿಸಿಕೊಂಡು ಹೋಗಿ.

ಕೈಯಲ್ಲಿರೋ ದುಡ್ಡು ಕಮ್ಮಿ. ಯಾವುದು ಮೊದಲು?

ನಿಲ್ಲಿಸುವುದು ಮೊದಲು, ತಿರುಗಿಸುವುದು ಆಮೇಲೆ, ಓಡಿಸುವುದು ಕೊನೆಗೆ. ಅಂದರೆ ಬ್ರೇಕು ಮತ್ತು ಟೈರು, ನಂತರ ಸ್ಟೀರಿಂಗ್ ಮತ್ತು ಸಸ್ಪೆನ್ಷನ್, ಅದಾದ ಮೇಲೆ ಇಂಜಿನ್. ಪೆಟ್ರೋಲ್ ಹೋಸ್ ಮಾತ್ರ ಬ್ರೇಕಿನ ಸಾಲಿಗೇ ಸೇರಲಿ. ಟೈರಿನ ಬಟನ್ (ಮೇಲಿನ ಅಚ್ಚು) ಚೆನ್ನಾಗಿದ್ದರೂ ವಯಸ್ಸು ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2318 ಎಂದರೆ 2018ರ 23ನೇ ವಾರದ್ದು. ಪೇಂಟು, ಸೀಟ್ ಕವರು, ಸ್ಟೀರಿಯೊ ಇವೆಲ್ಲ ಬೋನಸ್ ಬಂದಾಗ.

ಜಾಸ್ತಿ ಓಡಿಸದೆ ನಿಲ್ಲಿಸಿಟ್ಟರೆ ಪಾರ್ಟ್ ಉಳಿಯುತ್ತಲ್ವಾ?

ಉಲ್ಟಾ. ದೇಶದ ಮೊಟ್ಟಮೊದಲ 800ರ ಕಥೆ ಗೊತ್ತಲ್ಲ? ಇಂದಿರಾ ಗಾಂಧಿಯವರೇ ಹರ್‌ಪಾಲ್ ಸಿಂಗ್ ಅವರ ಕೈಗೆ ಕೀ ಕೊಟ್ಟ ಗಾಡಿ. ಅವರು ತೀರಿಕೊಂಡ ಮೇಲೆ ದೆಹಲಿಯ ಮನೆ ಮುಂದೆ ನಿಂತು ತುಕ್ಕು ಹಿಡಿದಿತ್ತು. ಕೊನೆಗೆ ಕಂಪನಿಯವರೇ ಸರಿ ಮಾಡಿಸಿ ತಮ್ಮ ಕಚೇರಿಯಲ್ಲಿ ಇಟ್ಟರು. ನಮ್ಮ ಗಾಡಿಗೆ ಯಾವ ಕಂಪನಿಯೂ ಬರುವುದಿಲ್ಲ.

ವಾರಕ್ಕೊಮ್ಮೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ. ಸುಮ್ನೆ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಸಾಲದು, ಸೈಲೆನ್ಸರ್ ಒಳಗೆ ನೀರು ಕೂರುತ್ತದೆ. ತಿಂಗಳುಗಟ್ಟಲೆ ಊರಲ್ಲಿರುವುದಿಲ್ಲ ಎಂದರೆ ಬ್ಯಾಟರಿ ವೈರ್ ಬಿಚ್ಚಿಡಿ. ಹ್ಯಾಂಡ್‌ಬ್ರೇಕ್ ಹಾಕಬೇಡಿ, ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಏರ್ ಫಿಲ್ಟರ್ ಬಾಯಿಗೆ ಬಟ್ಟೆ ತುರುಕಿದರೆ ಇಲಿ ಗೂಡು ಕಟ್ಟುವುದಿಲ್ಲ. ತೆಗೆಯಬೇಕೆಂದು ಸ್ಟೀರಿಂಗ್ ಮೇಲೆ ಒಂದು ಚೀಟಿ ಅಂಟಿಸಿಡಿ. ನಾನು ಒಮ್ಮೆ ಮರೆತು, ಗಾಡಿ ಸ್ಟಾರ್ಟೇ ಆಗದೆ ಅರ್ಧ ಗಂಟೆ ಕಾರ್ಬೊರೇಟರನ್ನು ಬೈದಿದ್ದೇನೆ.